ಕೈಗೆ ಕೇಳಿಸುವ ಸದ್ದು

ಚೆಂಡು ಹೊರಟುಹೋದ ಮೇಲೆ ಕೋಲು ಮಾತನಾಡುತ್ತದೆ. ಆ ಒಂದು ಮಾತಿಗಾಗಿ ಪೂಲ್ ಆಟಗಾರರು ಉಕ್ಕು, ದಂತ, ಬೀಟೆ, ಕಾರ್ಬನ್ ಎಲ್ಲಕ್ಕೂ ಹಣ ಸುರಿದಿದ್ದಾರೆ. ಅದು ನಿಜಕ್ಕೂ ಅಷ್ಟು ಬೆಲೆ ಬಾಳುವ ಮಾತೇ?

ನಮ್ಮಲ್ಲಿ ‘ಕ್ಯೂ’ ಎಂದರೆ ತಟ್ಟನೆ ನೆನಪಾಗುವುದು ನ್ಯಾಯಬೆಲೆ ಅಂಗಡಿಯ ಮುಂದಿನ ಸಾಲು. ಕೈಯಲ್ಲಿ ಚೀಲ, ಕಾರ್ಡು ಹಿಡಿದು ನಿಲ್ಲುವ ಆ ಕ್ಯೂಗೂ, ಬಟ್ಟೆ ಹೊದಿಸಿದ ಮೇಜಿನ ಮೇಲೆ ಬಣ್ಣದ ಚೆಂಡುಗಳನ್ನು ಓಡಿಸುವ ಕೋಲಿನ ಕ್ಯೂಗೂ ಯಾವ ಸಂಬಂಧವೂ ಇಲ್ಲವೆಂದೇ ತೋರುತ್ತದೆ. ಆದರೆ ಇವೆರಡೂ ಒಂದೇ ತಾಯಿಯ ಮಕ್ಕಳು. ಫ್ರೆಂಚ್ ಭಾಷೆಯಲ್ಲಿ ‘ಕ್ಯೂ’ ಎಂದರೆ ಬಾಲ. ಅಂಗಡಿಯ ಮುಂದೆ ಬಾಲದಂತೆ ಬೆಳೆಯುವ ಸಾಲಿಗೆ ಆ ಹೆಸರು ಬಂದದ್ದು ಸರಿ. ಆಟದ ಕೋಲಿಗೇಕೆ ಬಂತು?

ಬಿಲಿಯರ್ಡ್ಸ್ ಆಟದ ಆರಂಭದ ದಿನಗಳಲ್ಲಿ ಆಟಗಾರರ ಕೈಯಲ್ಲಿದ್ದುದು ಈಗಿನಂಥ ಕೋಲಲ್ಲ. ತುದಿಯಲ್ಲಿ ಮರದ ದಪ್ಪ ತಲೆಯಿದ್ದ ‘ಮೇಸ್’ ಎಂಬ ಸಾಧನದಿಂದ ಅವರು ಚೆಂಡನ್ನು ಮುಂದೆ ತಳ್ಳುತ್ತಿದ್ದರು. ಚೆಂಡು ಮೇಜಿನ ಅಂಚಿಗೆ ಒತ್ತಿಕೊಂಡು ನಿಂತಾಗ ಆ ದಪ್ಪ ತಲೆ ಉಪಯೋಗಕ್ಕೆ ಬಾರದು. ಆಗ ಆಟಗಾರ ಕೋಲನ್ನು ತಿರುಗಿಸಿ ಅದರ ಸಣ್ಣ ಬಾಲದಿಂದ ಚೆಂಡಿಗೆ ತಿವಿಯುತ್ತಿದ್ದ. ಕ್ರಮೇಣ ಬಾಲವೇ ಮೇಲು ಎನ್ನಿಸಿ ತಲೆ ಬಿದ್ದುಹೋಯಿತು; ಬಾಲವೇ ಕೋಲಾಯಿತು. 1807ರ ಸುಮಾರಿಗೆ ಫ್ರಾನ್ಸಿನ ಸೇನಾಧಿಕಾರಿ ಫ್ರಾಂಸ್ವಾ ಮಿಂಗೋ ಆ ಬಾಲದ ತುದಿಗೆ ಚರ್ಮದ ಚೂರೊಂದನ್ನು ಅಂಟಿಸಿ ತೋರಿಸಿದ. ಚರ್ಮ ಚೆಂಡನ್ನು ಕಚ್ಚಿ ಹಿಡಿಯುತ್ತದೆ. ಹಾಗಾಗಿ ಚೆಂಡನ್ನು ಬೇಕಾದ ಕಡೆಗೆ ಗಿರಕಿ ಹೊಡೆಸಬಹುದು. ಆ ಚರ್ಮದ ಚೂರು ಕೋಲನ್ನು ಬರಿಯ ದೊಣ್ಣೆಯಿಂದ ವಾದ್ಯದ ಮಟ್ಟಕ್ಕೆ ಏರಿಸಿತು ಎಂದರೆ ತಪ್ಪಲ್ಲ.

ವಾದ್ಯವೆಂದ ಮೇಲೆ ನಾದದ ಮಾತು ಬರಲೇಬೇಕಲ್ಲ! ಅಮೆರಿಕದಲ್ಲಿ ಪೂಲ್ ಆಡುವವರ ನಡುವೆ ಕೊನೆಮುಟ್ಟದ ವಾದವೊಂದಿದೆ. ಯಾವ ಕೋಲಿನ ಹೊಡೆತ ‘ಹಿತ’? ಯಾವುದರ ಸದ್ದು ‘ಖಣಿಖಣಿ’, ಯಾವುದರದು ‘ಮೆತ್ತಗೆ’? ಉಕ್ಕಿನ ಜಾಯಿಂಟ್ ಒಳ್ಳೆಯದೋ, ಮರಕ್ಕೆ ಮರ ತಾಗುವ ಜಾಯಿಂಟೋ? ಈ ವಾದದಲ್ಲಿ ಕೇವಲ ರುಚಿಭೇದವಿಲ್ಲ, ರೊಕ್ಕದ ಪ್ರಶ್ನೆಯೂ ಇದೆ. ಜಾಯಿಂಟ್ ಬದಲಾದಂತೆ ಕೋಲಿನ ಬೆಲೆಯೂ ಬದಲಾಗುತ್ತದೆ. ಒಂದು ಕಾಲದಲ್ಲಿ ಅದರ ಬೆಲೆಯನ್ನು ಆನೆಗಳೂ ತೆತ್ತಿದ್ದವು.

ಎರಡು ತುಂಡು, ಒಂದು ಕೋಲು

ಪೂಲ್ ಆಟದ ಕ್ಯೂ ಸಾಮಾನ್ಯವಾಗಿ 57ರಿಂದ 58 ಅಂಗುಲ ಉದ್ದ, ಅಂದರೆ ಒಂದೂವರೆ ಮೀಟರಿಗೆ ತುಸು ಕಡಿಮೆ. ತೂಕ 510ರಿಂದ 600 ಗ್ರಾಂ. ಇಷ್ಟುದ್ದದ ಕೋಲನ್ನು ಬಗಲಲ್ಲಿಟ್ಟುಕೊಂಡು ಬಸ್ಸು ಹತ್ತುವುದು ಯಾರಿಗೂ ಸುಲಭವಲ್ಲ. ಅದಕ್ಕೇ ಅದನ್ನು ನಡುವೆ ಕತ್ತರಿಸಿ, ತಿರುಪು ಹಾಕಿ ಜೋಡಿಸುವ ಉಪಾಯ ಬಂದದ್ದು. ಮುಂದಿನ ಸಣ್ಣ ತುಂಡಿಗೆ ಶಾಫ್ಟ್ ಎನ್ನುತ್ತಾರೆ. ಹಿಡಿಯುವ ದಪ್ಪ ತುಂಡಿಗೆ ಬಟ್. ಇವೆರಡೂ ಕೂಡುವ ಸ್ಥಳವೇ ಜಾಯಿಂಟ್. ಆಟ ಸುಧಾರಿಸಲೆಂದು ಹುಟ್ಟಿದ್ದಲ್ಲ ಈ ಜಾಯಿಂಟ್. ಪ್ರಯಾಣ ಸುಲಭವಾಗಲೆಂದು ಹುಟ್ಟಿದ್ದು. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಅರ್ಧ ಗೊಂದಲ ಕಳೆದಂತೆಯೇ.

ಜಾಯಿಂಟ್‌ಗಳಲ್ಲಿ ಎರಡು ಮುಖ್ಯ ಪಂಗಡಗಳಿವೆ. ಮೊದಲನೆಯದು ಲೋಹಕ್ಕೆ ಲೋಹ ಕೂಡುವ ಬಗೆ. ಬಟ್‌ನ ಬಾಯಿಗೆ ಸ್ಟೇನ್‌ಲೆಸ್ ಸ್ಟೀಲಿನ ಕೊರಳಪಟ್ಟಿ. ಅದರೊಳಗಿಂದ ಹೊರಚಾಚಿದ ತಿರುಪು. ಶಾಫ್ಟ್‌ನ ಹಿಂಬದಿಯಲ್ಲಿ ಹಿತ್ತಾಳೆಯ ಗೂಡು. ಅದರ ಅಂಚು ಸ್ವಲ್ಪವೇ ಮುಂದೆ ಚಾಚಿ, ಉಕ್ಕಿನ ಪಟ್ಟಿಯೊಳಗೆ ಡಬ್ಬಕ್ಕೆ ಮುಚ್ಚಳ ಕೂತಂತೆ ಬಿಗಿಯಾಗಿ ಕೂರುತ್ತದೆ. ಈ ಬಗೆಯಲ್ಲಿ ಹೆಸರುವಾಸಿಯಾದ ತಿರುಪಿನ ದಪ್ಪ ಒಂದು ಅಂಗುಲದ ಹದಿನಾರರಲ್ಲಿ ಐದು ಭಾಗ. ಅಂಗುಲಕ್ಕೆ ಹದಿನಾಲ್ಕು ಸುತ್ತು.

ಎರಡನೆಯದು ಮರಕ್ಕೆ ಮರ ಮುಖ ಕೊಡುವ ಬಗೆ. ಎರಡೂ ತುಂಡುಗಳ ಮುಖವನ್ನು ಲೇತ್ ಯಂತ್ರದಲ್ಲಿ ಕನ್ನಡಿಯಂತೆ ಸಮತಟ್ಟು ಮಾಡಿ, ನಡುವೆ ದಪ್ಪ ತಿರುಪೊಂದರಿಂದ ಬಿಗಿಯುತ್ತಾರೆ. ಇಲ್ಲಿ ತಿರುಪು ಅಂಗುಲದ ಎಂಟರಲ್ಲಿ ಮೂರು ಭಾಗದಷ್ಟು ದಪ್ಪ. ಅಂಗುಲಕ್ಕೆ ಹತ್ತೇ ಸುತ್ತು. ಕೆಲವರು ಶಾಫ್ಟ್‌ನ ಮರದಲ್ಲೇ ನೇರವಾಗಿ ತಿರುಪಿನ ಸುತ್ತು ಕೊರೆಯುತ್ತಾರೆ. ಲೋಹದ ಗೂಡೂ ಬೇಡ. ಇವೆರಡರ ನಡುವೆ ಪ್ಲಾಸ್ಟಿಕ್, ಫಿನಾಲಿಕ್ ರಾಳ, ದಂತ ಮುಂತಾದವುಗಳ ಕೊರಳಪಟ್ಟಿ ತೊಟ್ಟ ಹತ್ತಾರು ಉಪಜಾತಿಗಳು.

ಆಟಗಾರರ ಬಾಯಲ್ಲಿ ಒಂದೊಂದಕ್ಕೂ ಒಂದೊಂದು ಗುಣವಿಶೇಷಣ ಅಂಟಿಕೊಂಡಿದೆ. ಉಕ್ಕಿನ ಜಾಯಿಂಟ್ ಎಂದರೆ ಹೊಡೆತ ಚುರುಕು, ಸದ್ದು ಹರಿತ, ಕೈಗೆ ‘ಠಣ್’ ಎನ್ನುವ ಅನುಭವ. ಪ್ಲಾಸ್ಟಿಕ್ ಎಂದರೆ ಮೆದು. ಕಂಪನವನ್ನು ನುಂಗಿಕೊಂಡು ‘ಟೊಕ್’ ಎನ್ನುತ್ತದೆ. ಮರಕ್ಕೆ ಮರ ಕೂಡಿದ್ದರೆ ಒಂದೇ ತುಂಡಿನ ಕೋಲಿನಂತೆ ತುಂಬಿದ ಸ್ಪರ್ಶ. ದಂತವಾದರೆ ಮರದ ಮಾರ್ದವ, ಲೋಹದ ಸ್ಪಷ್ಟತೆ ಎರಡೂ ಸೇರಿದಂತೆ. ಹೀಗೆಂದು ಪ್ರತೀತಿ.

ಇಲ್ಲೊಂದು ಸ್ವಾರಸ್ಯವಿದೆ. ಪೂಲ್ ಪಾರ್ಲರಿನ ಗೋಡೆಗೆ ಒರಗಿಸಿಟ್ಟಿರುವ, ಬಂದವರೆಲ್ಲ ಎತ್ತಿಕೊಂಡು ಆಡುವ ಕೋಲುಗಳನ್ನು ನೋಡಿ. ಅವುಗಳಲ್ಲಿ ಬಹುಪಾಲು ಒಂದೇ ತುಂಡಿನವು. ಅಲ್ಲಿ ಜಾಯಿಂಟೇ ಇಲ್ಲ! ಜಗತ್ತಿನ ದುಬಾರಿ ಕೋಲುಗಳ ತಯಾರಕರು ಹಗಲಿರುಳು ದುಡಿದು ಯಾವ ಅನುಭವವನ್ನು ಸಾಧಿಸಲು ಹೊರಟಿದ್ದಾರೋ ಆ ‘ಒಂದೇ ತುಂಡಿನ ಅನುಭವ’ ಪಾರ್ಲರಿನ ಬಡಕೋಲಿಗೆ ಹುಟ್ಟಿನಿಂದಲೇ ಬಂದಿದೆ. ಆದರೂ ಅದು ಕೆಟ್ಟ ಕೋಲೇ. ಏಕೆಂದರೆ ಅದು ಬಾಗಿರುತ್ತದೆ, ಅದರ ತುದಿಯ ಚರ್ಮ ಸವೆದು ಕಲ್ಲಾಗಿರುತ್ತದೆ. ಜಾಯಿಂಟ್ ಒಂದೇ ಸರ್ವಸ್ವವಲ್ಲ ಎಂಬುದಕ್ಕೆ ಗೋಡೆಯೇ ಸಾಕ್ಷಿ.

ಬ್ರೂಕ್ಲಿನ್‌ನ ಕುಶಲಕರ್ಮಿ

ಜಾಯಿಂಟಿಗೆ, ಅದರ ‘ಹಿತ’ಕ್ಕೆ ಇಷ್ಟೊಂದು ಮಹತ್ವ ಬಂದುದರ ಹಿಂದೆ ಕೆಲವು ಕೈಗಳಿವೆ. ಅವುಗಳಲ್ಲಿ ಮೊದಲು ಹೇಳಬೇಕಾದ ಹೆಸರು ಜಾರ್ಜ್ ಬಲಬುಷ್ಕಾ. 1912ರಲ್ಲಿ ರಷ್ಯಾದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ವಲಸೆ ಬಂದು ನ್ಯೂಯಾರ್ಕಿನಲ್ಲಿ ನೆಲೆನಿಂತವನು. ಮರಗೆಲಸ ಅವನ ವೃತ್ತಿ, ಪೂಲ್ ಅವನ ಹುಚ್ಚು. 1959ರಲ್ಲಿ ಗೆಳೆಯರಿಗೆ ಕೊಡಲೆಂದು ಒಂದಿಷ್ಟು ಕೋಲುಗಳನ್ನು ಮಾಡಿದ. ಅವು ಬಾಯಿಂದ ಬಾಯಿಗೆ ಹೆಸರಾಗಿ, ಬ್ರೂಕ್ಲಿನ್‌ನ ಅವನ ಕಾರ್ಯಾಗಾರಕ್ಕೆ ಆಟಗಾರರು ಹುಡುಕಿಕೊಂಡು ಬರತೊಡಗಿದರು.

ಬಲಬುಷ್ಕಾ ಎಲ್ಲವನ್ನೂ ತಾನೇ ಮಾಡುತ್ತಿರಲಿಲ್ಲ. ಬಣ್ಣಬಣ್ಣದ ಮರಗಳನ್ನು ಈಟಿಮೊನೆಗಳಂತೆ ಬೆಸೆದ ಬಟ್‌ನ ಕಚ್ಚಾ ತುಂಡುಗಳನ್ನು ಬ್ರನ್ಸ್‌ವಿಕ್ ಕಂಪನಿಯಿಂದಲೂ, ಮುಂದೆ ಬರ್ಟನ್ ಸ್ಪೇನ್, ಗಸ್ ಝಾಂಬೋಟಿ ಮೊದಲಾದ ಸಹಕುಶಲಿಗಳಿಂದಲೂ ತರಿಸಿಕೊಳ್ಳುತ್ತಿದ್ದ. ಅವನ ಕೈಚಳಕವಿದ್ದುದು ಆ ತುಂಡನ್ನು ಕಡೆದು ಹದಗೊಳಿಸುವುದರಲ್ಲಿ, ಹಿಡಿಗೆ ಐರಿಷ್ ಲಿನನ್ ದಾರ ಸುತ್ತುವುದರಲ್ಲಿ, ಉಕ್ಕಿನ ಜಾಯಿಂಟನ್ನು ಕೂದಲೆಳೆಯಷ್ಟೂ ಸಂದಿಲ್ಲದಂತೆ ಕೂರಿಸುವುದರಲ್ಲಿ. 1975ರಲ್ಲಿ ಆತ ತೀರಿಕೊಂಡಾಗ ಅವನ ಕೈಯಿಂದ ಹೊರಬಿದ್ದಿದ್ದ ಕೋಲುಗಳು ಸುಮಾರು ಒಂದು ಸಾವಿರದಷ್ಟು ಮಾತ್ರ.

ಬದುಕಿದ್ದಾಗ ಆಟಗಾರರ ವಲಯಕ್ಕಷ್ಟೇ ಗೊತ್ತಿದ್ದ ಈ ಹೆಸರನ್ನು ಮನೆಮಾತಾಗಿಸಿದ್ದು ಸಿನಿಮಾ. 1986ರಲ್ಲಿ ಮಾರ್ಟಿನ್ ಸ್ಕಾರ್ಸೆಸಿ ನಿರ್ದೇಶಿಸಿದ ‘ದಿ ಕಲರ್ ಆಫ್ ಮನಿ’ ಚಿತ್ರದಲ್ಲಿ ಪಾಲ್ ನ್ಯೂಮನ್‌ನ ಪಾತ್ರ ಟಾಮ್ ಕ್ರೂಸ್‌ನ ಪಾತ್ರಕ್ಕೆ ಕೊಡುವ ಕೋಲು ‘ಬಲಬುಷ್ಕಾ’. ಚಿತ್ರ ಗೆದ್ದಿತು, ನ್ಯೂಮನ್‌ಗೆ ಆಸ್ಕರ್ ಬಂತು, ಬಲಬುಷ್ಕಾ ಕೋಲುಗಳ ಬೆಲೆ ಗಗನಕ್ಕೇರಿತು. ತಮಾಷೆಯೆಂದರೆ ತೆರೆಯ ಮೇಲೆ ಕಾಣುವ ಕೋಲು ಬಲಬುಷ್ಕಾನದಲ್ಲ. ಅದನ್ನು ಹೋಲುವಂತೆ ಜಾಸ್ ಎಂಬ ಮತ್ತೊಂದು ಕಂಪನಿ ತಯಾರಿಸಿದ್ದು. ಲಕ್ಷಾಂತರ ಪ್ರೇಕ್ಷಕರು ಮೆಚ್ಚಿದ್ದು ಕೋಲನ್ನೋ, ಹೆಸರನ್ನೋ? ಕೈಗೆ ಆಗುವ ಹಿತದಲ್ಲಿ ಮರದ ಪಾಲೆಷ್ಟು, ಮನಸ್ಸಿನ ಪಾಲೆಷ್ಟು ಎಂಬ ಪ್ರಶ್ನೆ ಅಲ್ಲಿಂದಲೇ ಶುರು.

ಒಂದು ಮಿಲಿಸೆಕೆಂಡಿನ ಕತೆ

ಈ ಪ್ರಶ್ನೆಗೆ ಉತ್ತರ ಹುಡುಕಲು ಹೊಡೆತದ ಕ್ಷಣವನ್ನು ಬಿಡಿಸಿ ನೋಡಬೇಕು. ಕಣ್ಣಿಗೆ ಅದು ಸಾಧ್ಯವಿಲ್ಲ. 1998ರಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ಜಾಕ್ಸನ್‌ವಿಲ್‌ನಲ್ಲಿ ಆಟದ ಆಸಕ್ತರ ತಂಡವೊಂದು ಅತಿವೇಗದ ಕ್ಯಾಮೆರಾ ಇಟ್ಟು ಹೊಡೆತಗಳನ್ನು ಚಿತ್ರೀಕರಿಸಿತು. ಆ ಬಳಿಕ ಕೊಲರಾಡೋ ಸ್ಟೇಟ್ ವಿಶ್ವವಿದ್ಯಾಲಯದ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪ್ರಾಧ್ಯಾಪಕ ಡೇವಿಡ್ ಅಲ್ಸಿಯಟೋರೆ ಅವರಂಥವರು ಅದೇ ಹಾದಿಯಲ್ಲಿ ಬಹುದೂರ ಸಾಗಿದರು. ಚರ್ಮದ ಟಿಪ್ ಚೆಂಡಿಗೆ ತಾಗಿರುವುದು ಸುಮಾರು ಒಂದು ಮಿಲಿಸೆಕೆಂಡು, ಅಂದರೆ ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು ಮಾತ್ರ. ಟಿಪ್ ಮೆತ್ತಗಿದ್ದರೆ ತುಸು ಹೆಚ್ಚು, ಗಟ್ಟಿಯಿದ್ದರೆ ತುಸು ಕಡಿಮೆ. ಅಷ್ಟರೊಳಗೆ ಚೆಂಡಿನ ವೇಗ, ದಿಕ್ಕು, ಗಿರಕಿ ಎಲ್ಲವೂ ತೀರ್ಮಾನವಾಗಿ ಹೋಗಿರುತ್ತದೆ.

ಆ ಒಂದು ಮಿಲಿಸೆಕೆಂಡಿನಲ್ಲಿ ಕೋಲಿನೊಳಗೆ ಏನೇನು ನಡೆಯುತ್ತದೆ? ಟಿಪ್ ಚೆಂಡಿಗೆ ತಾಗಿದೊಡನೆ ಒತ್ತಡದ ಅಲೆಯೊಂದು ಮರದ ಎಳೆಗುಂಟ ಹಿಂದಕ್ಕೆ ಓಡುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಮೇಪಲ್‌ನಂಥ ಮರದ ಎಳೆಗುಂಟ ಅದು ಸುಮಾರು 4,000 ಮೀಟರ್. ಟಿಪ್‌ನಿಂದ ಜಾಯಿಂಟಿಗೆ ಮುಕ್ಕಾಲು ಮೀಟರ್ ದೂರ. ಅಂದರೆ ಅಲೆ ಜಾಯಿಂಟ್ ಮುಟ್ಟಿ ಮರಳಲು ಅರ್ಧ ಮಿಲಿಸೆಕೆಂಡೂ ಬೇಡ. ಚೆಂಡು ಕೈಬಿಡುವ ಮೊದಲೇ ಜಾಯಿಂಟಿಗೆ ಸುದ್ದಿ ಮುಟ್ಟುತ್ತದೆ ಎಂಬುದು ನಿಜ.

ಆದರೆ ಜಾಯಿಂಟಿನ ಕೈಯಲ್ಲಿ ಆಗುವುದೇನು? ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುವಾಗ ಅಲೆಯ ಒಂದು ಪಾಲು ಹಿಂದಿರುಗುತ್ತದೆ, ಉಳಿದದ್ದು ಮುಂದೆ ಹೋಗುತ್ತದೆ. ಕೆರೆಯ ಅಲೆ ಕಲ್ಲಿಗೆ ಬಡಿದಾಗ ಆಗುವಂತೆ. ಎರಡು ವಸ್ತುಗಳ ಸಾಂದ್ರತೆ, ಬಿಗಿತ ಬೇರೆಯಾದಷ್ಟೂ ಹಿಂದಿರುಗುವ ಪಾಲು ಹೆಚ್ಚು. ಘನ ಸೆಂಟಿಮೀಟರಿಗೆ ಮೇಪಲ್ ಮರದ ತೂಕ ಸುಮಾರು 0.7 ಗ್ರಾಂ, ಫಿನಾಲಿಕ್ 1.4ರ ಆಸುಪಾಸು, ದಂತ ಸುಮಾರು 1.8, ಸ್ಟೇನ್‌ಲೆಸ್ ಸ್ಟೀಲ್ ಸುಮಾರು 8, ಹಿತ್ತಾಳೆ ಇನ್ನೂ ಹೆಚ್ಚು. ಮರದಿಂದ ಉಕ್ಕಿಗೆ ದಾಟುವ ಅಲೆಗೆ ದೊಡ್ಡ ಮೆಟ್ಟಿಲು ಎದುರಾಗುತ್ತದೆ, ಮರದಿಂದ ಮರಕ್ಕೆ ದಾಟುವಾಗ ಸಮತಟ್ಟು ನೆಲ. ಉಕ್ಕಿನ ಜಾಯಿಂಟಿನ ಅನುಭವ ಬೇರೆ, ಮರದ್ದು ಬೇರೆ ಎಂದು ಕೈ ಹೇಳುವುದು ಸುಳ್ಳಲ್ಲ. ದಂತ ಮರಕ್ಕೆ ಹತ್ತಿರ ಎನ್ನಿಸುವುದಕ್ಕೂ ಈ ಅಂಕಿಗಳಲ್ಲೇ ಕಾರಣ ಸಿಗುತ್ತದೆ.

ಚೆಂಡಿಗೆ ಮಾತ್ರ ಈ ಭೇದ ಹೆಚ್ಚು ತಿಳಿಯುವುದಿಲ್ಲ. ಇಡೀ ಕೋಲಿನಲ್ಲಿ ಎಲ್ಲಕ್ಕಿಂತ ಮೆತ್ತಗಿರುವ ಭಾಗ ತುದಿಯ ಚರ್ಮ. ಹೊಡೆತ ಎಷ್ಟು ಹೊತ್ತು ನಿಲ್ಲಬೇಕು, ಬಲ ಎಷ್ಟು ವೇಗವಾಗಿ ಏರಿ ಇಳಿಯಬೇಕು ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಆ ಚೂರು. ಅದರ ಮುಂದೆ ಜಾಯಿಂಟಿನ ಪ್ರಭಾವ ತೀರ ಅಲ್ಪ. ಇನ್ನು ಚೆಂಡಿನ ಒಂದು ಬದಿಗೆ ಹೊಡೆದು ಗಿರಕಿ ಕೊಟ್ಟಾಗ ಅದು ಗುರಿಯಿಂದ ಕೊಂಚ ಸರಿಯುವುದುಂಟು. ಆ ಅಡ್ಡ ಸರಿತ ಶಾಫ್ಟ್‌ನ ಮುಂದಿನ ಗೇಣುದ್ದದ ತೂಕವನ್ನು ಅವಲಂಬಿಸಿದೆ. ಏಕೆಂದರೆ ಅಡ್ಡ ಬಳುಕಿನ ಅಲೆ ಉದ್ದದ ಅಲೆಗಿಂತ ಬಹಳ ನಿಧಾನ. ಒಂದು ಮಿಲಿಸೆಕೆಂಡಿನಲ್ಲಿ ಅದು ಜಾಯಿಂಟಿನ ಹತ್ತಿರಕ್ಕೂ ಹೋಗದು. ಇದನ್ನರಿತೇ ಪ್ರೆಡೇಟರ್ ಎಂಬ ಅಮೆರಿಕದ ಕಂಪನಿ 1990ರ ದಶಕದ ಮಧ್ಯದಲ್ಲಿ, ಹತ್ತು ಸೀಳುಗಳನ್ನು ಅಂಟಿಸಿ ಮಾಡಿದ, ತುದಿಯ ಒಳಭಾಗ ಟೊಳ್ಳಾಗಿರುವ ಶಾಫ್ಟನ್ನು ಮಾರುಕಟ್ಟೆಗೆ ತಂದಿತು. ಚೆಂಡಿನ ದಾರಿಯನ್ನು ನಿಜಕ್ಕೂ ಬದಲಾಯಿಸಿದ ಸುಧಾರಣೆ ಅದು. ಅದು ಬಂದದ್ದು ಜಾಯಿಂಟಿನಲ್ಲಲ್ಲ, ಮೂಗಿನ ತುದಿಯಲ್ಲಿ.

ಹಾಗಾದರೆ ಕೈಗೆ ಆ ‘ಹಿತ’ ತಲುಪುವುದು ಯಾವಾಗ? ಕಂಪನ ಹಿಡಿಯನ್ನು ಬೇಗನೆ ಮುಟ್ಟಿದರೂ ಅಂಗೈಯ ನರಗಳಿಂದ ಮಿದುಳಿಗೆ ಸುದ್ದಿ ಹೋಗಲು ಹತ್ತಿಪ್ಪತ್ತು ಮಿಲಿಸೆಕೆಂಡು ಬೇಕು. ಅದನ್ನು ತಿಳಿದು ಕೈ ಏನಾದರೂ ಮಾಡಬೇಕೆಂದರೆ ನೂರಕ್ಕೂ ಹೆಚ್ಚು. ಅಷ್ಟರಲ್ಲಿ ಸೆಕೆಂಡಿಗೆ ಎರಡೂವರೆ ಮೀಟರ್ ವೇಗದ ಚೆಂಡು ಒಂದು ಗೇಣು ದಾಟಿ ಹೋಗಿರುತ್ತದೆ. ಆಟಗಾರ ಅನುಭವಿಸುವುದು ಹೊಡೆತವನ್ನಲ್ಲ, ಹೊಡೆತದ ವರದಿಯನ್ನು. ಬಾಣ ಬಿಟ್ಟ ಮೇಲೆ ಹೆದೆ ಮಿಡಿಯುವ ಸದ್ದಿನಂತೆ.

ವರದಿಗೂ ಬೆಲೆಯಿದೆ

ಇಷ್ಟು ತಿಳಿದ ಮೇಲೆ ‘ಹಾಗಾದರೆ ಇದೆಲ್ಲ ಭ್ರಮೆ’ ಎಂದು ಎದ್ದುಬಿಡುವುದು ಸುಲಭ. ಅದು ಅವಸರದ ತೀರ್ಪು. ಸಂತೆಯಲ್ಲಿ ಮಡಕೆ ಕೊಳ್ಳುವಾಕೆ ಬೆರಳ ಗಂಟಿನಿಂದ ಅದನ್ನು ಬಡಿದು ನೋಡುತ್ತಾಳೆ. ತೆಂಗಿನಕಾಯಿ ವ್ಯಾಪಾರಿ ಎರಡು ಕಾಯಿಗಳನ್ನು ಒಂದಕ್ಕೊಂದು ತಟ್ಟಿ ಬಲಿತದ್ದು ಯಾವುದೆಂದು ಹೇಳುತ್ತಾನೆ. ಸದ್ದಿನಿಂದ ಮಡಕೆ ಗಟ್ಟಿಯಾಗುವುದಿಲ್ಲ, ಕಾಯಿ ಬಲಿಯುವುದಿಲ್ಲ. ಆದರೆ ಒಳಗೇನಿದೆ ಎಂಬುದನ್ನು ಸದ್ದು ತಿಳಿಸುತ್ತದೆ. ಕೋಲು ಮಾಡುವವರೂ ಇದನ್ನೇ ಮಾಡುತ್ತಾರೆ. ಶಾಫ್ಟಿಗೆಂದು ತಂದ ಮೇಪಲ್ ತುಂಡನ್ನು ಗಟ್ಟಿ ನೆಲದ ಮೇಲೆ ನೆಟ್ಟಗೆ ಬೀಳಿಸಿ ಸದ್ದು ಕೇಳುತ್ತಾರೆ. ಗಂಟೆಯಂತೆ ನುಡಿದ ತುಂಡು ಒಳಗೆ, ‘ಧಪ್’ ಎಂದದ್ದು ಹೊರಗೆ.

ಆಟಗಾರನ ವಿಷಯದಲ್ಲೂ ಹಾಗೆಯೇ. ಚೆಂಡಿನ ನಡುವಿಗೆ ನೇರವಾಗಿ ಕೂತ ಹೊಡೆತದ ಸದ್ದು ಒಂದು ಬಗೆ. ಕೂದಲೆಳೆಯಷ್ಟು ಪಕ್ಕಕ್ಕೆ ಜಾರಿದ್ದರ ಸದ್ದು ಮತ್ತೊಂದು. ನಮ್ಮ ಚರ್ಮ ಕಂಪನಗಳನ್ನು ಗ್ರಹಿಸುವುದರಲ್ಲಿ ಬಹಳ ಸೂಕ್ಷ್ಮ. ಸೆಕೆಂಡಿಗೆ 200ರಿಂದ 300 ಸಲದ ಕಂಪನಕ್ಕೆ ಅದು ಅತ್ಯಂತ ಚೆನ್ನಾಗಿ ಸ್ಪಂದಿಸುತ್ತದೆ. ಸಾವಿರಾರು ಗಂಟೆ ಆಡಿದವನ ಕೈ ಆ ಕಂಪನಗಳ ಭಾಷೆಯನ್ನು ಕಲಿತಿರುತ್ತದೆ. ಚೆಂಡು ಎಲ್ಲಿಗೆ ಹೋಯಿತೆಂದು ಕಣ್ಣು ನೋಡುವ ಮೊದಲೇ ಏನು ತಪ್ಪಾಯಿತೆಂದು ಕೈ ಹೇಳುತ್ತದೆ. ಈ ಹೊಡೆತವನ್ನು ಅದು ಸರಿಪಡಿಸಲಾರದು, ಮುಂದಿನದನ್ನು ಸರಿಪಡಿಸುತ್ತದೆ. ಜಾಯಿಂಟಿನ ನಿಜವಾದ ಕೆಲಸವಿರುವುದು ಇಲ್ಲಿ. ಅದು ಚೆಂಡಿನ ಸೇವಕನಲ್ಲ, ಕೈಯ ಗುಮಾಸ್ತ. ವರದಿಯನ್ನು ತಿರುಚದೆ, ಪ್ರತಿದಿನ ಒಂದೇ ಅಕ್ಷರದಲ್ಲಿ ಬರೆದು ಒಪ್ಪಿಸಿದರೆ ಸಾಕು.

ಅಕ್ಷರ ಯಾವುದಾದರೂ ಆದೀತು. ಉಕ್ಕಿನ ‘ಠಣ್’ ಓದಿ ಬೆಳೆದವನಿಗೆ ಅದೇ ಸ್ಪಷ್ಟ, ಮರದ ‘ಟಕ್’ ಕೇಳಿ ಬೆಳೆದವನಿಗೆ ಅದೇ ಸ್ಪಷ್ಟ. ಇನ್ನೊಂದು ಪ್ರತ್ಯಕ್ಷ ವ್ಯತ್ಯಾಸವೂ ಇದೆ. ಉಕ್ಕಿನ ಪಟ್ಟಿ ಭಾರವಾದ್ದರಿಂದ ಕೋಲಿನ ತೂಕ ಒಂದಿಷ್ಟು ಮುಂದಕ್ಕೆ ಸರಿಯುತ್ತದೆ. ಕೋಲನ್ನು ಬೆರಳ ಮೇಲೆ ತೂಗಿ ನೋಡಿದರೇ ಗೊತ್ತಾಗುತ್ತದೆ. ಮುಂಭಾರದ ಕೋಲು ಒಬ್ಬನ ತೋಳಿಗೆ ಒಗ್ಗಿದರೆ ಇನ್ನೊಬ್ಬನಿಗೆ ಒಗ್ಗದು. ‘ಹಿತ’ ಎಂದು ಕರೆಯುವುದರಲ್ಲಿ ಈ ತೂಕದ ಪಾಲು ಸಣ್ಣದಲ್ಲ.

ರೂಢಿಯ ಬಲ ಎಂಥದೆಂಬುದಕ್ಕೆ ಪೂಲ್‌ನ ಸೋದರ ಆಟವಾದ ಸ್ನೂಕರ್‌ನಿಂದ ಒಂದು ಉದಾಹರಣೆ ಕೊಡಬಹುದು. ಸ್ಕಾಟ್ಲೆಂಡಿನ ಸ್ಟೀಫನ್ ಹೆಂಡ್ರಿ 1990ರಿಂದ 1999ರ ನಡುವೆ ಏಳು ಬಾರಿ ವಿಶ್ವ ಚಾಂಪಿಯನ್ ಆದದ್ದು ಹುಡುಗನಾಗಿದ್ದಾಗ ಸಿಕ್ಕ, ಕೇವಲ 40 ಪೌಂಡ್ ಬೆಲೆಯ ಕೋಲಿನಿಂದ. 1990ರಲ್ಲಿ ಅದು ಕಳುವಾದಾಗ ಅದರ ಬೆಲೆಯ ಎಷ್ಟೋ ಪಟ್ಟು ಬಹುಮಾನ ಘೋಷಿಸಿ ಅದನ್ನು ಮರಳಿ ಪಡೆಯಬೇಕಾಯಿತು. 2003ರಲ್ಲಿ ವಿಮಾನ ಪ್ರಯಾಣದ ನಡುವೆ ಅದು ಮುರಿದೇಹೋಯಿತು. ಅದೇ ವರ್ಷ ಹೊಸ ಕೋಲಿನಿಂದಲೇ ಹೆಂಡ್ರಿ ಬ್ರಿಟಿಷ್ ಓಪನ್ ಗೆದ್ದರು. ಆದರೆ ವಿಶ್ವ ಚಾಂಪಿಯನ್ ಪಟ್ಟ ಮತ್ತೆ ದಕ್ಕಲಿಲ್ಲ. ಅದಕ್ಕೆ ವಯಸ್ಸು, ಎದುರಾಳಿಗಳು ಹೀಗೆ ಕಾರಣ ನೂರಿರಬಹುದು. ಕೋಲು ಮುರಿದರೆ ಆಟ ಸಾಯುವುದಿಲ್ಲ. ಆದರೆ ಕೈ ಮತ್ತೆ ಒಂದನೇ ತರಗತಿಯಿಂದ ಓದಲು ಕೂರಬೇಕಾಗುತ್ತದೆ. 40 ಪೌಂಡಿನ ಕೋಲಿನ ನಾದಕ್ಕೆ ಬೆಲೆ ಬಂದದ್ದು ಮರದಿಂದಲ್ಲ, ಹತ್ತಾರು ವರ್ಷಗಳ ಪರಿಚಯದಿಂದ.

ಆನೆ, ಬೀಟೆ, ಕಾರ್ಬನ್

ನಾದಕ್ಕಾಗಿ ತೆತ್ತ ಬೆಲೆಯ ಇನ್ನೊಂದು ಮುಖವೂ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಿಲಿಯರ್ಡ್ಸ್ ಚೆಂಡುಗಳೇ ದಂತದವು. ಒಂದು ದಂತದಿಂದ ಒಳ್ಳೆಯ ಚೆಂಡು ಸಿಗುತ್ತಿದ್ದುದು ಕೆಲವೇ ಕೆಲವು. ಆನೆಗಳು ಸಾಲದಾದಾಗ 1860ರ ದಶಕದಲ್ಲಿ ಅಮೆರಿಕದ ಚೆಂಡು ತಯಾರಕರು ಬದಲಿ ವಸ್ತು ಕಂಡುಹಿಡಿದವರಿಗೆ 10,000 ಡಾಲರ್ ಬಹುಮಾನದ ಆಸೆ ತೋರಿಸಿದರು. ಜಾನ್ ವೆಸ್ಲಿ ಹಯಾಟ್ ಸೆಲ್ಯುಲಾಯ್ಡ್‌ನತ್ತ ಹೊರಳಿದ್ದು ಈ ಹುಡುಕಾಟದಲ್ಲೇ. ಈಗಿನ ಚೆಂಡುಗಳು ಫಿನಾಲಿಕ್ ರಾಳದವು. ಅವು ದಂತಕ್ಕಿಂತ ದುಂಡಗೆ, ದಂತಕ್ಕಿಂತ ಬಾಳಿಕೆ. ಅವುಗಳ ‘ಕಟ್’ ಸದ್ದೇ ಇಂದು ಈ ಆಟದ ಸದ್ದು. ದಂತದ ಸದ್ದನ್ನು ನೆನೆಯುವವರಿಲ್ಲ.

ಕೋಲಿನಲ್ಲಿ ಮಾತ್ರ ದಂತ ಇನ್ನೂ ಬಹುಕಾಲ ಉಳಿಯಿತು. ಟಿಪ್‌ನ ಹಿಂದಿನ ಬಳೆಯಾದ ಫೆರೂಲ್, ಜಾಯಿಂಟಿನ ಪಟ್ಟಿ, ಬಟ್‌ನ ಅಲಂಕಾರ ಇವೆಲ್ಲಕ್ಕೂ ದಂತವೇ ಶ್ರೇಷ್ಠ ಎಂಬ ನಂಬಿಕೆ. 1989ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಮೂಲಕ ಆಫ್ರಿಕಾದ ಆನೆದಂತದ ವ್ಯಾಪಾರಕ್ಕೆ ನಿಷೇಧ ಬಿತ್ತು; 2016ರಲ್ಲಿ ಅಮೆರಿಕ ದೇಶದೊಳಗಿನ ವಹಿವಾಟನ್ನೂ ಬಹುಮಟ್ಟಿಗೆ ಮುಚ್ಚಿತು. ಚೆಂಡು ಹೋದ ಮೇಲೆ ಕೈಗೆ ತಲುಪುವ ಒಂದು ಸೂಕ್ಷ್ಮ ಕಂಪನಕ್ಕಾಗಿ ಆನೆಯೊಂದು ನೆಲಕ್ಕುರುಳಬೇಕಿತ್ತೇ? ಮಿಲಿಸೆಕೆಂಡಿನ ಲೆಕ್ಕ ತಿಳಿದವರಿಗೆ ಉತ್ತರ ಕಷ್ಟವಲ್ಲ.

ಈ ಲೆಕ್ಕದಲ್ಲಿ ನಮ್ಮ ಕಾಡಿನ ಪಾಲೂ ಇದೆ. ಬಟ್‌ಗೆ ಬಳಸುವ ಮರಗಳಲ್ಲಿ ಪಶ್ಚಿಮ ಘಟ್ಟಗಳಲ್ಲಿ ಬೆಳೆಯುವ ಬೀಟೆಗೆ ಹಿಂದಿನಿಂದಲೂ ಗೌರವದ ಸ್ಥಾನ. ಮೈಸೂರಿನ ಕೆತ್ತನೆ ಕೆಲಸದವರು ಚಿತ್ರಗಳನ್ನು ಕೂರಿಸುವ ಆ ಕಡುಗಂದು ಮರವೇ ದೂರದೇಶದ ಕೋಲುಗಳ ಹಿಡಿಯೂ ಆಗಿದೆ. ಘನ ಸೆಂಟಿಮೀಟರಿಗೆ 0.8 ಗ್ರಾಂಗಿಂತ ತುಸು ಹೆಚ್ಚಿರುವ ಅದರ ತೂಕ ಮೇಪಲ್‌ಗಿಂತ ಜಾಸ್ತಿ. ಬಡಿದರೆ ಗಂಟೆಯಂತೆ ನುಡಿಯುತ್ತದೆ. 2017ರಿಂದ ಬೀಟೆಯ ಇಡೀ ಕುಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿದೆ. ಬೀಟೆ ಬಲಿಯಲು ಹಲವು ದಶಕಗಳು ಬೇಕು. ಕಡಿಯಲು ಒಂದು ಮಧ್ಯಾಹ್ನ ಸಾಕು.

ಮರದ ಜಾಗಕ್ಕೆ ಈಗ ಕಾರ್ಬನ್ ನಾರು ಬಂದಿದೆ. ಕಳೆದ ಹತ್ತು ವರ್ಷಗಳಿಂದೀಚೆಗೆ ಕಾರ್ಬನ್ ಶಾಫ್ಟ್‌ಗಳು ವೃತ್ತಿಪರರ ಕೈಯಲ್ಲಿ ಸಾಮಾನ್ಯವಾಗಿವೆ. ಮಳೆಗಾಲದ ತೇವಕ್ಕೆ ಅವು ಬಾಗುವುದಿಲ್ಲ, ಸವೆಯುವುದಿಲ್ಲ. ಆದರೆ ಅವು ಕೊಳವೆಗಳು. ಕೊಳವೆಯ ಟೊಳ್ಳು ಸದ್ದು ಮರಕ್ಕೆ ಒಗ್ಗಿದ ಕಿವಿಗೆ ಹಿಡಿಸದು. ಅದಕ್ಕೆಂದು ತಯಾರಕರು ಒಳಗೆ ನೊರೆಯಂಥ ಹಗುರ ವಸ್ತು ತುಂಬಿ ಸದ್ದನ್ನು ಪಳಗಿಸುತ್ತಾರೆ. ಚೆಂಡಿಗೆ ಬೇಡದ ಆ ಸದ್ದಿಗಾಗಿ ಇಂಜಿನಿಯರುಗಳು ಇಷ್ಟು ತಲೆ ಕೆಡಿಸಿಕೊಳ್ಳುತ್ತಾರೆಂದರೆ ಅದು ಆಟಗಾರನಿಗೆ ಎಷ್ಟು ಬೇಕು ಎಂಬುದು ಸ್ಪಷ್ಟ.

ಕೊಳ್ಳುವ ಮುನ್ನ, ಕೊಂಡ ಮೇಲೆ

ಬಿಲಿಯರ್ಡ್ಸ್, ಸ್ನೂಕರ್‌ಗಳಲ್ಲಿ ಹಲವಾರು ವಿಶ್ವ ಪ್ರಶಸ್ತಿ ಗೆದ್ದ ಪಂಕಜ್ ಅಡ್ವಾಣಿ ಅವರನ್ನು ಬೆಳೆಸಿದ ಊರು ಬೆಂಗಳೂರು. ಹೊಸದಾಗಿ ಕೋಲು ಕೊಳ್ಳುವ ಹುಡುಗರಿಗೂ ಇಲ್ಲಿ ಕೊರತೆಯಿಲ್ಲ. ಅಂಥವರು ಈ ಲೆಕ್ಕಾಚಾರದಿಂದ ತಿಳಿಯಬೇಕಾದುದಿಷ್ಟು.

ಮೊದಲು ಖರ್ಚು ಮಾಡಬೇಕಾದ್ದು ಟಿಪ್‌ಗೆ. ಕೋಲಿನಲ್ಲಿ ಎಲ್ಲಕ್ಕಿಂತ ಅಗ್ಗದ ಭಾಗ ಅದು. ಚೆಂಡಿನ ಮೇಲೂ, ಸದ್ದಿನ ಮೇಲೂ ಎಲ್ಲಕ್ಕಿಂತ ಹೆಚ್ಚು ಅಧಿಕಾರ ಅದರದ್ದೇ. ಟಿಪ್ ವಿಷಯದಲ್ಲಿ ಆಟಗಾರರ ಹುಚ್ಚು ಎಂಥದೆಂದರೆ, ಮೆತ್ತನೆಯ ಟಿಪ್ಪನ್ನು ಹಾಲಿನಲ್ಲಿ ನೆನೆಹಾಕಿ, ಒತ್ತಿ, ಒಣಗಿಸಿ ಹದ ಮಾಡಿಕೊಳ್ಳುವವರೂ ಅಮೆರಿಕದಲ್ಲಿದ್ದಾರೆ! ಆಮೇಲೆ ನೋಡಬೇಕಾದ್ದು ಶಾಫ್ಟ್ ನೆಟ್ಟಗಿದೆಯೇ ಎಂದು. ಮೇಜಿನ ಮೇಲೆ ಉರುಳಿಸಿದರೆ ಗೊತ್ತಾಗುತ್ತದೆ. ಬಳಿಕ ತೂಕ. ಜಾಯಿಂಟ್ ಯಾವ ಜಾತಿಯದೆಂಬುದು ಕೊನೆಗೆ. ಬಿಗಿಯಾಗಿ, ನೇರವಾಗಿ, ಸಂದಿಲ್ಲದೆ ಕೂತಿದ್ದರೆ ಯಾವ ಜಾತಿಯಾದರೂ ಚೆಂಡಿಗೆ ಹೆಚ್ಚುಕಡಿಮೆ ಒಂದೇ. ಮುಖಗಳ ನಡುವೆ ಧೂಳು, ಚಾಕ್ ಪುಡಿ ಸೇರದಂತೆ ಒರೆಸಿ ಜೋಡಿಸುವುದು ದುಬಾರಿ ಜಾಯಿಂಟಿಗಿಂತ ಹೆಚ್ಚು ಉಪಕಾರಿ.

ಇನ್ನು ಸದ್ದಿನ ವಿಷಯ. ಸದ್ದು ಮೆತ್ತಗೋ ಹರಿತವೋ ಎಂಬುದು ರುಚಿಗೆ ಬಿಟ್ಟದ್ದು. ಆದರೆ ನಿನ್ನೆ ಇಲ್ಲದ ಸದ್ದು ಇಂದು ಬಂದರೆ ಅದು ರುಚಿಯಲ್ಲ, ರೋಗಲಕ್ಷಣ. ಹೊಡೆದಾಗ ‘ಜುಂಯ್’ ಎನ್ನುವ ಕಿರಿಕಿರಿ ಕೇಳಿದರೆ ಟಿಪ್ ಒಂದು ಕಡೆ ಬಿಟ್ಟಿರಬಹುದು, ಫೆರೂಲ್ ಸೀಳಿರಬಹುದು, ಬಟ್‌ನೊಳಗಿನ ತೂಕದ ಬೋಲ್ಟು ಸಡಿಲವಾಗಿರಬಹುದು, ಅಥವಾ ಜಾಯಿಂಟಿನ ಪಟ್ಟಿಯ ಅಂಟು ಕೈಕೊಟ್ಟಿರಬಹುದು. ಕೋಲನ್ನು ಬೆರಳುಗಳ ನಡುವೆ ಸಡಿಲವಾಗಿ ತೂಗಿಬಿಟ್ಟು, ಮೇಲಿನಿಂದ ಕೆಳಗಿನವರೆಗೆ ಅಂಗೈಯಿಂದ ಮೆಲ್ಲನೆ ತಟ್ಟುತ್ತ ಬಂದರೆ ಸದ್ದು ಎಲ್ಲಿಂದ ಎಂಬುದು ಬಹುಮಟ್ಟಿಗೆ ಸಿಕ್ಕಿಬೀಳುತ್ತದೆ. ಮಡಕೆ ಬಡಿದು ನೋಡುವ ವಿದ್ಯೆಯೇ ಇದು.

ಕೋಲು ಬದಲಾಯಿಸುವ ಚಪಲ ಬಂದಾಗ ಒಂದು ಮಾತು ನೆನಪಿಟ್ಟುಕೊಂಡರೆ ಒಳ್ಳೆಯದು. ಹೊಸ ಜಾಯಿಂಟ್ ಹೊಸ ಸದ್ದು ಕೊಡುತ್ತದೆ. ಹಳೆಯ ತಪ್ಪನ್ನು ತಿದ್ದುವುದಿಲ್ಲ. ಬದಲಿಗೆ, ಹಳೆಯ ಸದ್ದಿನಲ್ಲಿ ಕೈ ಕಲಿತಿದ್ದ ಪಾಠವನ್ನೂ ಒಂದಿಷ್ಟು ದಿನ ಮರೆಸಿಬಿಡುತ್ತದೆ. ಚೆಂಡು ಒಂದೇ ಮಿಲಿಸೆಕೆಂಡಿನಲ್ಲಿ ಕೋಲಿನ ಋಣ ಹರಿದುಕೊಂಡು ಹೋಗುತ್ತದೆ. ಕೈ ಮತ್ತು ಕೋಲಿನ ಸಂಬಂಧ ಹಾಗಲ್ಲ; ಅದು ವರ್ಷಗಟ್ಟಲೆ ನಡೆಯುವ ಸಂಭಾಷಣೆ. ಅದಕ್ಕೆ ಬೇಕಾದ್ದು ಸುಳ್ಳಾಡದ ಒಂದು ಕೋಲು, ಕೇಳಿಸಿಕೊಳ್ಳುವ ತಾಳ್ಮೆಯುಳ್ಳ ಒಂದು ಕೈ.